77ನೇ ವಯಸ್ಸಿಗೆ ಆಸ್ಕರ್ ಗೆದ್ದ ಪೆಗ್ಗಿ ಆಶ್‌ಕ್ರಾಫ್ಟ್ ಅಲ್ಲಿವರೆಗೂ ಏನ್ ಮಾಡ್ತಿದ್ರು?

ಓದುಗರ ಪ್ರಶ್ನೆ: ‘ಎ ಪ್ಯಾಸೇಜ್ ಟು ಇಂಡಿಯಾ’ದಲ್ಲಿ ಮಿಸೆಸ್ ಮೂರ್ ಆಗಿದ್ದ ಅಜ್ಜಿಗೆ ಆಸ್ಕರ್ ಬಂತಲ್ಲ, ಅವರ ಹಳೇ ಸಿನಿಮಾ ಹುಡುಕಿದ್ರೆ ಬೆರಳೆಣಿಕೆಯಷ್ಟೇ ಸಿಗುತ್ತೆ, ಯಾಕೆ?

ಯಾಕಂದ್ರೆ ಅವರು ನಾಟಕದವರು. ನಮ್ಮ ಕಡೆ ಎಷ್ಟೋ ಜನಕ್ಕೆ ಅವರ ಮುಖ ಗೊತ್ತಿರೋದೇ ಆ ಸಿನಿಮಾದಿಂದ, ಅದೂ ಗುಹೆ ಸೀನ್‌ಗಳನ್ನ ಸಾವನದುರ್ಗ, ರಾಮನಗರದ ಬಂಡೆಗಳಲ್ಲಿ ಶೂಟ್ ಮಾಡಿದ್ರು ಅಂತ, ಆದ್ರೆ ಲಂಡನ್ನಿನ ನಾಟಕದ ಮಂದಿಗೆ ಅವರು ಅಷ್ಟೊತ್ತಿಗೆ ಐವತ್ತು ವರ್ಷದಿಂದ ಸ್ಟಾರ್.

ಹುಟ್ಟಿದ್ದು 1907ರಲ್ಲಿ ಕ್ರಾಯ್ಡನ್‌ನಲ್ಲಿ. 1926ಕ್ಕೆ ಸ್ಟೇಜ್ ಹತ್ತಿದ್ರು. 1930ರಲ್ಲಿ ಷೇಕ್ಸ್‌ಪಿಯರ್‌ನ ‘ಒಥೆಲೊ’ ನಾಟಕದಲ್ಲಿ ಪಾಲ್ ರೋಬ್ಸನ್ ಒಥೆಲೊ, ಇವರು ಅವನ ಹೆಂಡತಿ ಡೆಸ್ಡಿಮೋನಾ. ಕಪ್ಪು ನಟನ ಜೊತೆ ಬಿಳಿ ಹುಡುಗಿ ಅಷ್ಟು ಹತ್ರ ನಿಂತು ಆ್ಯಕ್ಟ್ ಮಾಡಿದ್ದಕ್ಕೆ ಬೈದು ಪತ್ರ ಬರೆದವರೂ ಇದ್ರು. 1935ರಲ್ಲಿ ಇನ್ನೊಂದು ಮಜಾ: ಲಾರೆನ್ಸ್ ಒಲಿವಿಯರ್, ಜಾನ್ ಗೀಲ್ಗಡ್ ಇಬ್ಬರೂ ರೋಮಿಯೋ ಪಾತ್ರನ ಅದಲುಬದಲು ಮಾಡ್ಕೊಂಡ್ರು, ಜೂಲಿಯೆಟ್ ಮಾತ್ರ ಇವರೇ.

ಅದೇ ವರ್ಷ ಹಿಚ್‌ಕಾಕ್‌ನ ‘ದಿ 39 ಸ್ಟೆಪ್ಸ್’ನಲ್ಲೂ ಇದ್ದಾರೆ. ಚಿಕ್ಕ ಪಾತ್ರ, ಬಡ ರೈತನ ಹೆಂಡತಿ. ಪೊಲೀಸರು ಬಂದಾಗ ಗಂಡನ ಕೋಟನ್ನ ಹೀರೋ ಕೈಗೆ ಕೊಟ್ಟು ಓಡಿಸ್ತಾಳೆ, ಆಮೇಲೆ ಅದೇ ಕೋಟ್ ಜೇಬಲ್ಲಿದ್ದ ಭಕ್ತಿಗೀತೆ ಪುಸ್ತಕ ಗುಂಡನ್ನ ತಡೆಯುತ್ತೆ. ಇದ್ದಿದ್ದು ಕೆಲವೇ ನಿಮಿಷ, ಆದ್ರೆ ಆ ಕಣ್ಣು ಮರೆಯಕ್ಕಾಗಲ್ಲ. ಇಷ್ಟಾದ್ರೂ ಸಿನಿಮಾ ಹಿಂದೆ ಬೀಳಲಿಲ್ಲ, ನನಗೆ ಕೇಳಿದ್ರೆ ನಷ್ಟ ಸಿನಿಮಾಗೇ.

ಆಮೇಲೆ ನಾಟಕ ನಿರ್ದೇಶಕ ಪೀಟರ್ ಹಾಲ್ 1961ರಲ್ಲಿ ರಾಯಲ್ ಷೇಕ್ಸ್‌ಪಿಯರ್ ಕಂಪನಿ ಕಟ್ಟಿದಾಗ ಮೊದಲಿಂದಲೂ ಜೊತೆಗಿದ್ರು. ಅಲ್ಲೇ 1963ರ ‘ದಿ ವಾರ್ಸ್ ಆಫ್ ದಿ ರೋಸಸ್’, ಷೇಕ್ಸ್‌ಪಿಯರ್‌ನ ರಾಜರ ಕಥೆಗಳನ್ನ ಹೆಣೆದ, ಮೂರು ನಾಟಕ ಸೇರಿದ ಭಾರೀ ಪ್ರಯೋಗ. ರಾಣಿ ಮಾರ್ಗರೆಟ್ ಆಗಿ ಮೊದಲು ಹರೆಯದ ಹುಡುಗಿ, ಕೊನೆಗೆ ಶಾಪ ಹಾಕ್ಕೊಂಡು ತಿರುಗೋ ಮುದುಕಿ, ಆಗ ಇವರಿಗೆ ಐವತ್ತು ದಾಟಿತ್ತು ಅನ್ನೋದು ನೆನಪಿರಲಿ!

ಸಿನಿಮಾ, ಟಿವಿ ಯೋಗ ಕೂಡಿಬಂದಿದ್ದು 1984ರಲ್ಲಿ: ಡೇವಿಡ್ ಲೀನ್ ನಿರ್ದೇಶನದ ‘ಎ ಪ್ಯಾಸೇಜ್ ಟು ಇಂಡಿಯಾ’, ಜೊತೆಗೆ ‘ದಿ ಜ್ಯುವೆಲ್ ಇನ್ ದಿ ಕ್ರೌನ್’ ಟಿವಿ ಸೀರಿಯಲ್‌ನ ಬಾರ್ಬಿ ಅನ್ನೋ ಪಾತ್ರ, ಎರಡೂ ಬ್ರಿಟಿಷ್ ಇಂಡಿಯಾ ಕಥೆ. ಪೋಷಕ ನಟಿ ಆಸ್ಕರ್ ಗೆದ್ದವರಲ್ಲಿ ಇವತ್ತಿಗೂ ಇವರೇ ಹಿರಿಯರು. ತಗೊಳ್ಳಕ್ಕೆ ಹೋಗಿರಲಿಲ್ಲ, ಏಂಜೆಲಾ ಲಾನ್ಸ್‌ಬರಿ ಇವರ ಪರವಾಗಿ ಇಸ್ಕೊಂಡ್ರು. 1991ರಲ್ಲಿ ತೀರಿಕೊಂಡ್ರು.

ಒಂದೇ ಒಂದು ನೋಡೋದಾದ್ರೆ ಬಾರ್ಬಿನ ನೋಡಿ, ಮಿಸೆಸ್ ಮೂರ್‌ಗಿಂತ ಒಂದು ಕೈ ಮೇಲೇ. ನಾಟಕದಲ್ಲಿ ಹೇಗಿದ್ರು ಅನ್ನೋ ಕುತೂಹಲ ಇದ್ರೆ ಆ ರಾಣಿ ಮಾರ್ಗರೆಟ್‌ನ ಬಿಬಿಸಿ ರೆಕಾರ್ಡ್ ಮಾಡಿ 1965ರಲ್ಲಿ ತೋರಿಸಿತ್ತು, ಕಪ್ಪುಬಿಳುಪು, ಸ್ವಲ್ಪ ಉದ್ದ, ಟೈಮ್ ಮಾಡ್ಕೊಂಡು ಕೂತ್ಕೋಬೇಕು.