ಮಸಿ ಹಿಡಿದ ಗೋಡೆಗೆ ಮೊದಲು ನೀರು ಹಾಕಬೇಕೇ?

ಪ್ರಶ್ನೆ: ಅಡುಗೆಮನೆಯಲ್ಲಿ ಹೊತ್ತಿದ ಬೆಂಕಿಯನ್ನು ಬೇಗನೆ ಆರಿಸಿದೆವು. ಸುಟ್ಟಿದ್ದು ಒಂದು ಮೂಲೆ ಮಾತ್ರ, ಆದರೆ ಎಲ್ಲ ಕೋಣೆಗಳ ಗೋಡೆಗೂ ಚಾವಣಿಗೂ ಮಸಿ ಹಿಡಿದಿದೆ. ಚೆನ್ನಾಗಿ ನೀರು ಹಾಕಿ ತೊಳೆದು, ಎರಡು ಕೋಟ್ ಬಣ್ಣ ಬಳಿಸಿದರೆ ಸಾಕಲ್ಲವೇ?

ಉತ್ತರ: ಸಾಲದು. ಈ ಪ್ರಶ್ನೆಗೆ ಇದೇ ಉತ್ತರವನ್ನು ನಾನು ಎಷ್ಟು ಬಾರಿ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಆದರೂ ಬಣ್ಣ ಬಳಿಸಿ ಮೂರು ತಿಂಗಳಾದ ಮೇಲೆ, ಕಲೆ ಮತ್ತೆ ಎದ್ದಿದೆ, ಮೋಡ ಮುಸುಕಿದ ದಿನ ಮನೆಯೆಲ್ಲ ಸುಟ್ಟ ಕಮಟು ಎಂದು ಹೇಳಿಕೊಂಡು ಬರುವವರು ಕಡಿಮೆಯಾಗಿಲ್ಲ. ಆದ್ದರಿಂದ ಈ ಸಲ ಕಾರಣವನ್ನೂ ಬಿಡಿಸಿ ಹೇಳುತ್ತೇನೆ.

ಅದಕ್ಕೂ ಮುನ್ನ ಎರಡು ಮಾತು. ಮೇನ್ ಸ್ವಿಚ್ ಆಫ್ ಆಗಿಯೇ ಇರಲಿ. ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರು ತಂತಿಗಳನ್ನು ಪರೀಕ್ಷಿಸುವವರೆಗೆ ಫ್ಯಾನನ್ನಾಗಲಿ ಫ್ರಿಜ್ಜನ್ನಾಗಲಿ ಚಾಲೂ ಮಾಡಬೇಡಿ. ಮನೆಗೆ ವಿಮೆ ಇದ್ದರೆ, ನಷ್ಟವನ್ನು ಅಂದಾಜು ಮಾಡುವ ಸರ್ವೇಯರ್ ಬಂದು ನೋಡುವ ಮೊದಲು ಒಂದು ಸುಟ್ಟ ಚಮಚವನ್ನೂ ಹೊರಗೆಸೆಯಬೇಡಿ. ಪ್ರತಿ ಕೋಣೆಯ ಫೋಟೊ ತೆಗೆದಿಡಿ, ಅಗ್ನಿಶಾಮಕ ದಳದವರು ಬಂದಿದ್ದರೆ ಅವರ ವರದಿಯನ್ನು ಪಡೆದುಕೊಳ್ಳಿ. ಗೃಹಸಾಲ ಪಡೆದ ಅನೇಕರಿಗೆ ತಮ್ಮ ಹೆಸರಿನಲ್ಲಿ ವಿಮೆ ಇರುವುದೇ ನೆನಪಿರುವುದಿಲ್ಲ. 2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ, ಮನೆಗಳಿಗೆಂದೇ ಇರುವ ಭಾರತ್ ಗೃಹ ರಕ್ಷಾ ವಿಮಾ ಪಾಲಿಸಿಯಲ್ಲಿ ಅವಶೇಷ ತೆರವಿನ ವೆಚ್ಚಕ್ಕೂ ಕ್ಲೇಮ್ ಮೊತ್ತದ ಶೇ 2ರವರೆಗೆ ಅವಕಾಶವಿದೆ.

ಈಗ ನೀರಿನ ವಿಚಾರ. ಮಸಿ ಎಂದರೆ ಧೂಳು, ಧೂಳನ್ನು ನೀರು ಒಯ್ಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಮಸಿ ಧೂಳಲ್ಲ. ಅದು ಅರೆಬೆಂದ ಇಂಗಾಲದ ಅತಿ ಸೂಕ್ಷ್ಮ ಕಣ; ಅದರ ಮೈಗೆ ಎಣ್ಣೆಯಂಥ, ಡಾಂಬರಿನಂಥ ಜಿಡ್ಡು ಅಂಟಿರುತ್ತದೆ. ಒದ್ದೆ ಬಟ್ಟೆ ತಾಗಿದೊಡನೆ ಆ ಜಿಡ್ಡು ಕದಡಿ, ಕಣಗಳು ಗಾರೆಯ ರಂಧ್ರಗಳೊಳಗೆ ಇಳಿದುಬಿಡುತ್ತವೆ. ಅಲ್ಲಿಯವರೆಗೆ ಗೋಡೆಯ ಮೇಲಿದ್ದದ್ದು ಗೋಡೆಯ ಒಳಗಿನದಾಗುತ್ತದೆ. ಒಮ್ಮೆ ಹಾಗೆ ಇಳಿದ ಕಪ್ಪನ್ನು ತೆಗೆಯಲು ಗಾರೆಯನ್ನೇ ಕೆರೆಯಬೇಕಾಗುತ್ತದೆ.

“ಅಜ್ಜಿಯ ಕಾಲದಲ್ಲಿ ಸೌದೆ ಒಲೆಯ ಮನೆಗೆ ಹಬ್ಬಕ್ಕೊಮ್ಮೆ ಸುಣ್ಣ ಹೊಡೆದರೆ ಮುಗಿಯುತ್ತಿತ್ತಲ್ಲ” ಎಂದು ವಾದಿಸುವವರಿದ್ದಾರೆ. ಆ ಅಜ್ಜಿ ಮಾಡುತ್ತಿದ್ದುದನ್ನು ಸರಿಯಾಗಿ ನೆನಪಿಸಿಕೊಳ್ಳಿ: ಉದ್ದನೆಯ ಕೋಲಿಗೆ ಪೊರಕೆ ಕಟ್ಟಿ ಮೊದಲು ಇಲ್ಲಣವನ್ನು ಒಣಗಿದ್ದಂತೆಯೇ ಇಳಿಸುತ್ತಿದ್ದರು, ಸುಣ್ಣದ ಮಡಕೆ ಬರುತ್ತಿದ್ದುದು ಆಮೇಲೆ. ಕ್ರಮ ಅವರಿಗೆ ತಿಳಿದಿತ್ತು, ಮರೆತವರು ನಾವು. ಅಲ್ಲದೆ ಅವರ ಮನೆಯಲ್ಲಿ ಉರಿಯುತ್ತಿದ್ದುದು ಬರೀ ಸೌದೆ. ನಮ್ಮ ಮನೆಗಳಲ್ಲಿ ಉರಿಯುವುದು ತಂತಿಯ ಹೊದಿಕೆ, ಪೈಪು, ಸೀಲಿಂಗ್ ಹಲಗೆ; ಇವು ಹೆಚ್ಚಾಗಿ ಪಿವಿಸಿ ಎಂಬ ಪ್ಲಾಸ್ಟಿಕ್ಕಿನವು. ಶುದ್ಧ ಪಿವಿಸಿಯ ತೂಕದಲ್ಲಿ ಶೇ 57ರಷ್ಟು ಕ್ಲೋರಿನ್ ಇರುತ್ತದೆ. ಅದು ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಅನಿಲವಾಗಿ ಹೊರಬಂದು, ತೇವ ಸಿಕ್ಕಲ್ಲಿ ಹೈಡ್ರೋಕ್ಲೋರಿಕ್ ಆಮ್ಲವಾಗುತ್ತದೆ. ಬೆಂಕಿ ತಾಗದ ಕೋಣೆಯ ನಲ್ಲಿಗಳೂ ಸ್ವಿಚ್ಚಿನ ತಾಮ್ರದ ತುದಿಗಳೂ ಕೆಲವೇ ದಿನಗಳಲ್ಲಿ ಕಿಲುಬು ಹಿಡಿಯುವುದು ಇದರಿಂದಲೇ.

ಹಾಗಾದರೆ ಕ್ರಮ ಯಾವುದು? ಎನ್-95 ಮುಖಗವಸು ಮತ್ತು ಕೈಗವಸು ಧರಿಸಿ ಕಿಟಕಿಗಳನ್ನು ತೆರೆಯಿರಿ. ಅತಿ ಸೂಕ್ಷ್ಮ ಕಣಗಳನ್ನೂ ಹಿಡಿದಿಡುವ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ಕ್ಲೀನರಿನ ಬಾಯಿಯನ್ನು ಗೋಡೆಗೆ ಉಜ್ಜದೆ, ತುಸು ದೂರ ಹಿಡಿದು ಸಡಿಲ ಮಸಿಯನ್ನು ಎಳೆಯಿರಿ. ನಂತರ, ಮಸಿ ತೆಗೆಯಲೆಂದೇ ಸಿಗುವ ಒಣ ರಬ್ಬರ್ ಸ್ಪಂಜಿನಿಂದ ಚಾವಣಿಯಿಂದ ಆರಂಭಿಸಿ, ಒಂದೇ ದಿಕ್ಕಿನಲ್ಲಿ ಎಳೆಯುತ್ತ ಕೆಳಗೆ ಬನ್ನಿ. ಸ್ಪಂಜಿನ ಮುಖ ಕಪ್ಪಾದಾಗಲೆಲ್ಲ ಆ ಪದರವನ್ನು ಕತ್ತರಿಸಿ ತೆಗೆಯಿರಿ. ನೀರಿನ ಸರದಿ ಬರುವುದು ಇಷ್ಟಾದ ಮೇಲೆ: ಉಗುರುಬೆಚ್ಚಗಿನ ನೀರಿಗೆ ಜಿಡ್ಡು ಬಿಡಿಸುವ ಸೋಪು ಬೆರೆಸಿ, ಈ ಬಾರಿ ಕೆಳಗಿನಿಂದ ಮೇಲಕ್ಕೆ ತೊಳೆಯಿರಿ. ಮೇಲಿನಿಂದ ತೊಳೆದರೆ ಕೊಳೆನೀರು ಒಣಗೋಡೆಯ ಮೇಲೆ ಹರಿದು ಮಾಡುವ ಗೆರೆಗಳನ್ನು ಅಳಿಸುವುದು ಬಹಳ ಕಷ್ಟ. ಗೋಡೆಗೆ ಡಿಸ್ಟೆಂಪರ್ ಇದ್ದರೆ ತೊಳೆಯುವ ಪ್ರಯತ್ನವೇ ಬೇಡ, ಕೆರೆದು ತೆಗೆಸಿ.

ಗೋಡೆ ಪೂರ್ತಿ ಒಣಗಿದ ಮೇಲೂ ಎಮಲ್ಷನ್ ಬಣ್ಣವನ್ನು ನೇರವಾಗಿ ಬಳಿಯುವಂತಿಲ್ಲ. ಸಾಮಾನ್ಯ ಎಮಲ್ಷನ್ನಿನಲ್ಲಿರುವ ನೀರು ಒಳಗಿನ ಕಂದು ಜಿಡ್ಡನ್ನು ಮತ್ತೆ ಮೇಲಕ್ಕೆ ಎಳೆಯುತ್ತದೆ. ಎರಡು ಕೋಟ್ ಅಲ್ಲ, ನಾಲ್ಕು ಕೋಟ್ ಬಳಿದರೂ ಕಲೆ ಏಳುವುದು ಇದಕ್ಕಾಗಿ. ನಡುವೆ ತಡೆಗೋಡೆಯಂತೆ ಅರಗಿನ ಆಧಾರದ ಅಥವಾ ಎಣ್ಣೆ ಆಧಾರದ, ಕಲೆ ತಡೆಯುವ ಪ್ರೈಮರ್ ಬೇಕು. ಬಡಗಿಗಳು ಸ್ಪಿರಿಟ್ಟಿನಲ್ಲಿ ಕರಗಿಸಿ ಮರಕ್ಕೆ ಹೊಡೆಯುವ ಅದೇ ಅರಗು ಇಲ್ಲಿ ಕಲೆಯನ್ನೂ ವಾಸನೆಯನ್ನೂ ಒಳಗೇ ಬಂಧಿಸುತ್ತದೆ. ಸ್ಪಿರಿಟ್ ಬೇಗ ಹೊತ್ತಿಕೊಳ್ಳುವುದರಿಂದ ಬಳಿಯುವಾಗ ಹತ್ತಿರದಲ್ಲಿ ದೀಪವಾಗಲಿ ಒಲೆಯಾಗಲಿ ಇರಕೂಡದು. ವಾಸನೆ ಹೋಗಲೆಂದು ಸಾಂಬ್ರಾಣಿ ಹೊಗೆ ಹಾಕುವವರಿಗೆ ನನ್ನ ವಿನಂತಿ, ದಯವಿಟ್ಟು ಬೇಡ. ಅದು ಇರುವ ಹೊಗೆಯ ಕಣಗಳಿಗೆ ಇನ್ನಷ್ಟನ್ನು ಸೇರಿಸುತ್ತದೆ, ಅಷ್ಟೇ.

ಬೆಂಕಿ ಹೊತ್ತಿದ ಮೂಲೆಯ ಗಾರೆಯನ್ನು ಬೆರಳಗಂಟಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದಲ್ಲಿ ಅದನ್ನು ಕಿತ್ತು ಹೊಸದಾಗಿ ಮಾಡಿಸಬೇಕು. ಮೋಲ್ಡ್ ಚಾವಣಿಯ ಕಾಂಕ್ರೀಟು ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ, ಜಲ್ಲಿ ಮತ್ತು ಮರಳಿನಲ್ಲಿರುವ ಕಬ್ಬಿಣದ ಅಂಶದಿಂದ ನಸುಗೆಂಪಾಗುವುದುಂಟು, ಅದರ ಬಲ ಕುಂದತೊಡಗುವುದೂ ಆ ಹಂತದಲ್ಲೇ. ಎಲ್ಲ ಬಗೆಯ ಜಲ್ಲಿಯೂ ಹೀಗೆ ಬಣ್ಣ ಬದಲಿಸುವುದಿಲ್ಲ. ಆದ್ದರಿಂದ ಕೆಂಪಿಲ್ಲವೆಂದು ಸಮಾಧಾನಪಡದೆ, ಬಿರುಕು ಬಿಟ್ಟಿದ್ದರೆ ಅಥವಾ ಕಂಬಿ ಹೊರಗೆ ಕಾಣುತ್ತಿದ್ದರೆ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ.

ನೀವು ಕೇಳದಿದ್ದರೂ ಇನ್ನೊಂದನ್ನು ಹೇಳಬೇಕಿದೆ, ಏಕೆಂದರೆ ಅಡುಗೆಮನೆಯ ಡಬ್ಬಿಗಳಲ್ಲಿ ಮನೆಯ ಹೆಂಗಸರ ಉಳಿತಾಯವೂ ಇರುತ್ತದೆ. ಸುಟ್ಟ ನೋಟುಗಳನ್ನು ಕಂಡು ಎಷ್ಟೋ ಮಂದಿ ಬೂದಿಯೆಂದು ಗುಡಿಸಿಬಿಡುತ್ತಾರೆ. ಕರಕಲಾಗಿ, ಮುಟ್ಟಿದರೆ ಪುಡಿಯಾಗುವಂತಿರುವ ಅಥವಾ ಒಂದಕ್ಕೊಂದು ಅಂಟಿಕೊಂಡ ನೋಟುಗಳನ್ನು ಬ್ಯಾಂಕಿನ ಶಾಖೆಗಳು ಸ್ವೀಕರಿಸುವುದಿಲ್ಲ ಎಂಬುದು ನಿಜ. ಆದರೆ ರಿಸರ್ವ್ ಬ್ಯಾಂಕಿನ ನೋಟು ವಿತರಣಾ ಕಚೇರಿಯಲ್ಲಿ (ಇಶ್ಯೂ ಆಫೀಸ್) ಅವನ್ನು ವಿಶೇಷ ಕ್ರಮದ ಪ್ರಕಾರ ಪರಿಶೀಲಿಸುತ್ತಾರೆ, ನೋಟಿನ ಎಷ್ಟು ಭಾಗ ಉಳಿದಿದೆ ಎಂಬುದರ ಮೇಲೆ ಹಣ ನಿರ್ಧಾರವಾಗುತ್ತದೆ. ನಮ್ಮ ರಾಜ್ಯದವರಿಗೆ ಅದು ಬೆಂಗಳೂರಿನ ನೃಪತುಂಗ ರಸ್ತೆಯಲ್ಲಿದೆ. ನೋಟುಗಳನ್ನು ಬಿಡಿಸಲು ಹೋಗಬೇಡಿ, ಎಣಿಸಲೂ ಬೇಡಿ. ಡಬ್ಬಿಯಲ್ಲಿ ಸಿಕ್ಕಿದ್ದರೆ ಸುತ್ತಲೂ ಹತ್ತಿ ಇಟ್ಟು ಆ ಡಬ್ಬಿಯನ್ನೇ ಅಲುಗಾಡದಂತೆ ಒಯ್ಯಿರಿ.