ನಾಲ್ಕು ಬಿಳಿ ಕಲ್ಲು: ಖನಿಜ ಗುರುತಿಸುವ ಟಿಪ್ಪಣಿ

ಪುಣೆಯ ಕೋಥರೂಡಿನ ನಮ್ಮ ರೂಮಿನಲ್ಲಿ ಭಾನುವಾರ ಸೇರಿ ಓದುವ ಕನ್ನಡದ ಗೆಳೆಯರಿಗಾಗಿ ಬರೆದದ್ದು ಇದು. ಕಳೆದ ವಾರ ಮೇಜಿನ ಮೇಲೆ ನಾಲ್ಕು ಬಿಳಿ ಕಲ್ಲು ಇಟ್ಟಿದ್ದೆ. ನೋಡಿದವರೆಲ್ಲ "ಬೆಣಚುಕಲ್ಲು ಅಲ್ವಾ?" ಅಂದರು. ಬೆಣಚುಕಲ್ಲು ಇದ್ದದ್ದು ಒಂದೇ. ಉಳಿದ ಮೂರನ್ನು ಹೇಗೆ ಗುರುತಿಸುವುದು ಅಂತ ನೋಡೋಣ.

ಮೊದಲು, ಖನಿಜ ಅಂದರೇನು? ಅದು ನಿಸರ್ಗದಲ್ಲಿ ತಾನಾಗಿಯೇ ಆಗಿರಬೇಕು. ಗಟ್ಟಿಯಾಗಿರಬೇಕು. ಸಾಮಾನ್ಯವಾಗಿ ಗಿಡ, ಪ್ರಾಣಿಗಳಿಂದ ಬಂದದ್ದಾಗಿರಬಾರದು. ಯಾವ ಧಾತು ಎಷ್ಟು ಅನ್ನುವ ಲೆಕ್ಕ ಇರಬೇಕು. ಒಳಗೆ ಪರಮಾಣುಗಳು ಒಂದು ಕ್ರಮದಲ್ಲಿ ಜೋಡಿಸಿಕೊಂಡಿರಬೇಕು. ಹಾಗಾಗಿ ಹಿಮಾಲಯದ ಮಂಜುಗಡ್ಡೆ ಖನಿಜ, ನೀರು ಅಲ್ಲ. ಗಾಜು ಗಟ್ಟಿ, ಆದರೆ ಒಳಗೆ ಕ್ರಮ ಇಲ್ಲ. ಸಕ್ಕರೆಯಲ್ಲಿ ಕ್ರಮ ಇದೆ, ಆದರೆ ಅದು ಕಬ್ಬಿನಿಂದ ಬಂದದ್ದು, ಕಾರ್ಖಾನೆಯಲ್ಲಿ ಆದದ್ದು.

ಒಳಗಿನ ಕ್ರಮದ ಷರತ್ತು ಯಾಕೆ ಬೇಕು ಅನ್ನುವುದಕ್ಕೆ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ಪುಣೆಯ ವಾಘೋಲಿಯ ಕಲ್ಲಿನ ಕ್ವಾರಿಗಳಲ್ಲಿ ಕಡು ನೀಲಿ ಬಣ್ಣದ ಕ್ಯಾವನ್ಸೈಟ್ ಸಿಕ್ಕಿದೆ. ಕ್ಯಾಲ್ಸಿಯಂ, ವನೇಡಿಯಂ, ಸಿಲಿಕೇಟ್ ಸೇರಿಸಿ ಕಟ್ಟಿದ ಹೆಸರು ಅದು. ಮೊದಲು ಸಿಕ್ಕಿದ್ದು ಅಮೆರಿಕದ ಒರೆಗಾನ್‌ನಲ್ಲಿ. ಆದರೆ ಜಗತ್ತಿನ ಮ್ಯೂಸಿಯಂಗಳಲ್ಲಿರುವ ಚಂದದ ತುಣುಕುಗಳು ಬಹುಪಾಲು ವಾಘೋಲಿಯವು. ಅಲ್ಲೇ ಪೆಂಟಗೊನೈಟ್ ಅನ್ನುವ ಇನ್ನೊಂದು ನೀಲಿ ಖನಿಜವೂ ಸಿಗುತ್ತದೆ. ಎರಡರ ರಾಸಾಯನಿಕ ಸೂತ್ರವೂ ಒಂದೇ! ಒಳಗಿನ ಜೋಡಣೆ ಮಾತ್ರ ಬೇರೆ. ಅಷ್ಟಕ್ಕೇ ಎರಡು ಬೇರೆ ಖನಿಜಗಳು. ಇದು ನನಗೆ ಇವತ್ತಿಗೂ ಬೆರಗು ಹುಟ್ಟಿಸುವ ಸಂಗತಿ.

ಖನಿಜವನ್ನೂ ಶಿಲೆಯನ್ನೂ ಕಲಸಬೇಡಿ. ಪುಣೆಯ ಪಾತಾಳೇಶ್ವರ ಗುಹೆಯನ್ನು ಕೊರೆದಿರುವ ಕಪ್ಪು ಬಸಾಲ್ಟ್ ಒಂದು ಶಿಲೆ. ಅದರೊಳಗೆ ಪ್ಲೇಜಿಯೋಕ್ಲೇಸ್, ಪೈರಾಕ್ಸೀನ್ ಹೀಗೆ ಹಲವು ಖನಿಜಗಳಿವೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಅದು. ಆರುವಾಗ ಅದರಲ್ಲಿ ಗಾಳಿಗುಳ್ಳೆಗಳು ಉಳಿದವು. ಆಮೇಲೆ ಬಿಸಿನೀರು ಆ ಪೊಟರೆಗಳಲ್ಲಿ ಹರಳು ಬೆಳೆಸಿತು. ಮೇಜಿನ ಮೇಲಿದ್ದ ನಾಲ್ಕೂ ಅಂಥ ಪೊಟರೆಯವೇ.

ಈಗ ಗುರುತಿಸುವ ಕೆಲಸ. ಎಲ್ಲರೂ ಬಣ್ಣದಿಂದ ಶುರು ಮಾಡುತ್ತಾರೆ, ನಾನು ಬೇಡ ಅನ್ನುತ್ತೇನೆ. ಬೆಳ್ಳಗಿರುವುದೆಲ್ಲ ಹಾಲಲ್ಲ. ಬೆಣಚುಕಲ್ಲೇ ನೇರಳೆಯಾದರೆ ಅಮೆಥಿಸ್ಟ್, ಹಳದಿಯಾದರೆ ಸಿಟ್ರಿನ್. ಚೂರು ಕಲ್ಮಶ ಸೇರಿದರೂ ಸಾಕು, ಬಣ್ಣ ಬದಲಾಗುತ್ತದೆ.

ಗಡಸುತನದಿಂದ ಶುರು ಮಾಡಿ, ಅಂದರೆ ಯಾವುದು ಯಾವುದನ್ನು ಗೀರುತ್ತದೆ ಅಂತ ನೋಡಿ. ಜರ್ಮನ್ ಖನಿಜತಜ್ಞ ಫ್ರೆಡ್ರಿಕ್ ಮೋಸ್ 1812ರಲ್ಲಿ ಹತ್ತು ಖನಿಜಗಳನ್ನು ಮೆತ್ತಗಿನದರಿಂದ ಗಡಸಿನವರೆಗೆ ಸಾಲಾಗಿ ಇಟ್ಟ. ಬಳಪದ ಕಲ್ಲಿನಲ್ಲಿರುವ ಟಾಲ್ಕ್ 1, ವಜ್ರ 10. ಇದು ಬರೀ ರ್‍ಯಾಂಕ್, ಅಳತೆಯಲ್ಲ. 9ಕ್ಕೂ 10ಕ್ಕೂ ನಡುವಿನ ಅಂತರ ತುಂಬಾ ದೊಡ್ಡದು. ಉಗುರು ಸುಮಾರು 2.5, ಗಾಜು ಮತ್ತು ಚಾಕು ಸುಮಾರು 5.5. ಗೀರಿದ ಮೇಲೆ ಒದ್ದೆ ಬೆರಳಿನಿಂದ ಒರೆಸಿ ನೋಡಿ. ಗೆರೆ ಅಳಿಸಿಹೋದರೆ ಅದು ಗೀರಲ್ಲ, ಮೆತ್ತಗಿನ ಕಲ್ಲು ಉದುರಿಸಿದ ಪುಡಿ. ಪ್ರಾಕ್ಟಿಕಲ್‌ನಲ್ಲಿ ಜಾಸ್ತಿ ಜನ ತಪ್ಪುವುದು ಇಲ್ಲೇ. ನಮ್ಮ ನಾಲ್ಕರಲ್ಲಿ ಒಂದೇ ಒಂದು ಗಾಜನ್ನು ಗೀರಿತು.

ಇನ್ನೊಂದಕ್ಕೆ ಲ್ಯಾಬಿನ ತೆಳು ಹೈಡ್ರೋಕ್ಲೋರಿಕ್ ಆಮ್ಲ ಒಂದು ಹನಿ ಬಿಟ್ಟೆವು. ಬುಸ್ಸೆಂದು ನೊರೆ ಬಂತು. ಅದು ಕ್ಯಾಲ್ಸೈಟ್, ಗಡಸುತನ 3. ಒಡೆದರೆ ಚೂರುಗಳೂ ಓರೆಯಾದ ಪೆಟ್ಟಿಗೆಗಳ ಆಕಾರದಲ್ಲೇ ಬರುತ್ತವೆ. ಹೀಗೆ ನಿಗದಿತ ದಿಕ್ಕಿನಲ್ಲಿ ನುಣುಪಾಗಿ ಬಿಡುವುದೇ ಸೀಳು. ಕಾಗೆಬಂಗಾರ ಹಾಳೆ ಹಾಳೆಯಾಗಿ ಏಳುತ್ತದಲ್ಲ, ಅದೂ ಸೀಳೇ. ಬೆಣಚುಕಲ್ಲಿಗೆ ಸೀಳಿಲ್ಲ. ಅದು ಒಡೆದ ಬಾಟಲಿಯ ಹಾಗೆ ಬಾಗಿದ ಅಂಚು ಬಿಟ್ಟು ಒಡೆಯುತ್ತದೆ.

ಉಳಿದ ಎರಡಕ್ಕೆ ಹೊಳಪು ಮತ್ತು ಆಕಾರ ನೋಡಬೇಕಾಯಿತು. ಒಂದರ ಹರಳುಗಳು ನಡುವೆ ಬಿಗಿದು ಕಟ್ಟಿದ ಜೋಳದ ಸಿವುಡಿನ ಹಾಗೆ ಎರಡೂ ತುದಿಯಲ್ಲಿ ಅರಳಿದ್ದವು. ಅದು ಸ್ಟಿಲ್ಬೈಟ್. ಇನ್ನೊಂದು ಚೌಕದ ಕಂಬ. ಬದಿಯ ಮುಖಗಳು ಗಾಜಿನಂತೆ ಹೊಳೆಯುತ್ತಿದ್ದವು. ಅಡ್ಡಕ್ಕೆ ಸೀಳಿದ ಮುಖ ಮಾತ್ರ ಕಿಟಕಿಯ ಬೆಳಕಿಗೆ ಹಿಡಿದಾಗ ಮುತ್ತಿನಂತೆ ಮಿನುಗಿತು. ಅಪೋಫಿಲೈಟ್! ಒಂದೇ ಕಲ್ಲು, ಎರಡು ಹೊಳಪು. ಪುಸ್ತಕದಲ್ಲಿ ಓದಿದರೆ ಇದು ತಲೆಗೆ ಹತ್ತುವುದಿಲ್ಲ, ಕೈಯಲ್ಲಿ ತಿರುಗಿಸಿ ನೋಡಲೇಬೇಕು.

ಒರೆಯ ಬಣ್ಣ, ಅಂದರೆ ಉಜ್ಜಿದಾಗ ಬೀಳುವ ಗೆರೆಯ ಬಣ್ಣ, ಬಿಳಿ ಕಲ್ಲುಗಳಿಗೆ ಸುಮ್ನೆ ದಂಡ, ಲೋಹದ ಅದಿರಿಗೆ ಮಾತ್ರ ಬಲು ಉಪಯೋಗ. ಗೋವಾದ ಕಬ್ಬಿಣದ ಅದಿರಿನ ಹೆಮಟೈಟ್ ಕಪ್ಪಗೆ ಹೊಳೆಯುತ್ತಿದ್ದರೂ ಮೆರುಗಿಲ್ಲದ ಪಿಂಗಾಣಿ ಬಿಲ್ಲೆಯ ಮೇಲೆ ಉಜ್ಜಿದರೆ ಜಾಜಿನ ಕೆಂಪು ಬರುತ್ತದೆ. ಮ್ಯಾಗ್ನಟೈಟ್ ಆದರೆ ಕಪ್ಪು ಗೆರೆ, ಜೊತೆಗೆ ಅಯಸ್ಕಾಂತಕ್ಕೂ ಅಂಟುತ್ತದೆ.

ಕೊನೆಗೆ ತೂಕ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಗಾಜು ಗೀರಿದ ಕಲ್ಲು 53 ಗ್ರಾಂ ಇತ್ತು. ಆಮೇಲೆ ನೀರಿನ ಬಟ್ಟಲನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿದೆವು. ಕಲ್ಲನ್ನು ದಾರ ಕಟ್ಟಿ, ತಳ ತಾಗದಂತೆ ಮುಳುಗಿಸಿದೆವು. 20 ಗ್ರಾಂ ತೋರಿಸಿತು, ಅದು ಕಲ್ಲು ಪಕ್ಕಕ್ಕೆ ಸರಿಸಿದ ನೀರಿನ ತೂಕ. 53 ಭಾಗಿಸು 20, ಅಂದರೆ 2.65. ಬೆಣಚುಕಲ್ಲಿನ ಸಾಪೇಕ್ಷ ಸಾಂದ್ರತೆ, ಅಂದರೆ ಅಷ್ಟೇ ಗಾತ್ರದ ನೀರಿಗಿಂತ ಅದು ಎಷ್ಟು ಪಟ್ಟು ಭಾರ ಅನ್ನುವುದು, ಇದೇ. ಆದರೆ ಕ್ಯಾಲ್ಸೈಟ್‌ನದು 2.71, ತೀರಾ ಹತ್ತಿರ. ತಕ್ಕಡಿಯೊಂದನ್ನೇ ನಂಬಿದ್ದರೆ ಅನುಮಾನ ಉಳಿಯುತ್ತಿತ್ತು. ಗಾಜಿನ ಮೇಲಿನ ಆ ಗೀರು ಒರೆಸಿದರೂ ಹೋಗಲಿಲ್ಲ ನೋಡಿ, ಅದರಿಂದ ಬೆಣಚುಕಲ್ಲು ಅಂತ ಖಾತ್ರಿಯಾಯಿತು.