ಫಿಟ್ಸ್ ಇರುವ ವಿದ್ಯಾರ್ಥಿಗೆ ಸ್ಕಾಲರ್‌ಶಿಪ್ ಸಿಗುತ್ತದೆಯೇ?

ಪ್ರಶ್ನೆ: ಮಗಳಿಗೆ ಚಿಕ್ಕಂದಿನಿಂದ ಫಿಟ್ಸ್ ಇದೆ, ಮಾತ್ರೆ ನಡೆಯುತ್ತಿದೆ. ಪಿಯುಸಿ ಮುಗಿಸಿ ಮಂಗಳೂರಿನಲ್ಲಿ ಬಿ.ಎಸ್ಸಿ. ಸೇರಿದ್ದಾಳೆ. ಅಪಸ್ಮಾರ ಇರುವ ಮಕ್ಕಳಿಗೆಂದೇ ವಿದ್ಯಾರ್ಥಿವೇತನ ಇದೆಯೇ?

ಉತ್ತರ: ಕೇಂದ್ರದ ವಿದ್ಯಾರ್ಥಿವೇತನ ಪೋರ್ಟಲ್ ಎನ್‌ಎಸ್‌ಪಿಯಲ್ಲಾಗಲಿ ರಾಜ್ಯದ ಪೋರ್ಟಲ್ ಎಸ್‌ಎಸ್‌ಪಿಯಲ್ಲಾಗಲಿ ಅಪಸ್ಮಾರದ ಹೆಸರಿನಲ್ಲೇ ಕೊಡುವ ವಿದ್ಯಾರ್ಥಿವೇತನ ಇಲ್ಲ. ಗೂಗಲ್‌ನಲ್ಲಿ ಹುಡುಕಿದರೆ ಮೊದಲು ಕಾಣುವ ಯುಸಿಬಿ ಕಂಪನಿಯ ವಿದ್ಯಾರ್ಥಿವೇತನ ಅಮೆರಿಕದ ನಿವಾಸಿಗಳಿಗೆ ಮಾತ್ರ. ಆದರೂ ನಿಮ್ಮ ಮಗಳಿಗೆ ಹಣ ಬರುವ ದಾರಿಗಳಿವೆ. ಯಾವ ದಾರಿ ಎಂಬುದು ಯುಡಿಐಡಿ ಕಾರ್ಡಿನಲ್ಲಿ (ಅಂಗವಿಕಲರ ಗುರುತಿನ ಚೀಟಿ) ನಮೂದಿಸುವ ಅಂಗವೈಕಲ್ಯದ ಶೇಕಡಾವಾರಿನ ಮೇಲೆ ನಿಂತಿದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳ ಪಟ್ಟಿಯಲ್ಲಿ ಅಪಸ್ಮಾರದ ಹೆಸರಿಲ್ಲ. ದೀರ್ಘಕಾಲದ ನರರೋಗಗಳು ಎಂಬ ವಿಭಾಗವಿದೆ, ಅಲ್ಲಿ ಹೆಸರಿಸಿರುವುದು ಮಲ್ಟಿಪಲ್ ಸ್ಕ್ಲೆರೋಸಿಸ್ ಮತ್ತು ಪಾರ್ಕಿನ್‌ಸನ್ಸ್. ಹಾಗಾಗಿ ಮಾತ್ರೆಯಲ್ಲಿ ಹತೋಟಿಗೆ ಬಂದ ಫಿಟ್ಸ್ ಒಂದನ್ನೇ ತೋರಿಸಿ ಸೌಲಭ್ಯಕ್ಕೆ ಬೇಕಾದ ಶೇ. 40 ಪಡೆಯುವುದು ಕಷ್ಟ. ಫಿಟ್ಸ್ ಜತೆಗೆ ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಕಲಿಕೆಯ ತೊಂದರೆ ಅಥವಾ ಕೈಕಾಲಿನ ಬಲಹೀನತೆ ಇದ್ದರೆ ವಿಷಯವೇ ಬೇರೆ. ಇವೆಲ್ಲ ಪಟ್ಟಿಯಲ್ಲಿವೆ. ಫಿಟ್ಸ್ ಒಂದನ್ನೇ ಹೇಳಿ ಇವನ್ನು ಹೇಳದೆ ಬಂದು, ಸಿಗಬೇಕಾದ್ದನ್ನು ಕಳೆದುಕೊಳ್ಳುವುದು ಬೇಸರದ ಸಂಗತಿ.

ಯುಡಿಐಡಿ ಕಾರ್ಡಿನ ಅರ್ಜಿಯನ್ನು ಕೇಂದ್ರದ ಸ್ವಾವಲಂಬನ್ ಪೋರ್ಟಲಿನಲ್ಲಿ ಹಾಕಬೇಕು. ತಪಾಸಣೆ ಮಂಗಳೂರಿನವರಿಗೆ ವೆನ್ಲಾಕ್ ಆಸ್ಪತ್ರೆಯಲ್ಲಿ, ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಲ್ಲಿ. ಹೋಗುವಾಗ ಇಇಜಿ, ಎಂಆರ್‌ಐ ವರದಿ, ನರರೋಗ ತಜ್ಞರ ಚೀಟಿಗಳು, ಆಸ್ಪತ್ರೆಯಲ್ಲಿ ಮಲಗಿದ್ದರೆ ಡಿಸ್ಚಾರ್ಜ್ ಸಮ್ಮರಿ ಇರಲಿ. ಎಲ್ಲಕ್ಕಿಂತ ಮುಖ್ಯವಾಗಿ ಆರು ತಿಂಗಳ ಲೆಕ್ಕ ಬರೆದಿಡಿ: ಯಾವ ದಿನ ಫಿಟ್ಸ್ ಬಂತು, ಎಷ್ಟು ನಿಮಿಷ ಇತ್ತು, ಮಾತ್ರೆ ತಪ್ಪಿತ್ತೇ. "ಆಗಾಗ ಬರುತ್ತದೆ" ಎಂಬ ಮಾತಿನಿಂದ ವೈದ್ಯರು ಏನನ್ನೂ ಅಳೆಯಲಾರರು. ಅಂಗವಿಕಲರಿಗೆ ನೆರವಾಗುವ ಪುನರ್ವಸತಿ ಕಾರ್ಯಕರ್ತರು, ಅಂದರೆ ಗ್ರಾಮ ಪಂಚಾಯತಿನ ವಿಆರ್‌ಡಬ್ಲ್ಯು, ತಾಲೂಕಿನ ಎಂಆರ್‌ಡಬ್ಲ್ಯು, ಅರ್ಜಿ ಹಾಕಲು ನೆರವಾಗುತ್ತಾರೆ. ಅಂಗವಿಕಲರ ಕಲ್ಯಾಣ ಇಲಾಖೆಯ ಉಡುಪಿ ಜಿಲ್ಲಾ ಕಚೇರಿ ಮಣಿಪಾಲದ ರಜತಾದ್ರಿಯಲ್ಲಿದೆ.

ಕಾರ್ಡು ಹಳದಿ ಅಥವಾ ನೀಲಿ ಬಂದರೆ ಶೇ. 40 ದಾಟಿದೆ ಎಂದರ್ಥ. ಆಗ ಎನ್‌ಎಸ್‌ಪಿಯ ಅಂಗವಿಕಲರ ಪೋಸ್ಟ್ ಮೆಟ್ರಿಕ್ (ಎಸ್‌ಎಸ್‌ಎಲ್‌ಸಿ ನಂತರದ ಓದಿನ) ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು, ಹೆತ್ತವರ ಆದಾಯ ವರ್ಷಕ್ಕೆ 2.5 ಲಕ್ಷ ರೂ. ಮೀರಿರಬಾರದು. ಬಿಳಿ ಕಾರ್ಡಿಗೆ ಇದು ಸಿಗದು. ಶೇಕಡಾವಾರು ತಪ್ಪೆನಿಸಿದರೆ ಮೇಲ್ಮನವಿ ಸಲ್ಲಿಸುವ ಹಕ್ಕು ಕಾಯ್ದೆಯಲ್ಲೇ ಇದೆ. ಕಾರ್ಡು ತಾತ್ಕಾಲಿಕವಾಗಿದ್ದರೆ ಅದರ ಕೊನೆಯ ದಿನಾಂಕವನ್ನು ಈಗಲೇ ಗುರುತು ಹಾಕಿಕೊಳ್ಳಿ. ಅವಧಿ ಮುಗಿದ ಕಾರ್ಡಿನಿಂದಾಗಿ ಎರಡನೇ ವರ್ಷದ ನವೀಕರಣ ನಿಲ್ಲುವುದುಂಟು.

ಕಾರ್ಡು ಸಿಗಲಿಲ್ಲವೇ? ಹಾಗಿದ್ದರೂ ಅಂಕ, ಆದಾಯ, ಜಾತಿ, ಹೆತ್ತವರ ಉದ್ಯೋಗದ ಆಧಾರದ ವಿದ್ಯಾರ್ಥಿವೇತನಗಳು ಎಲ್ಲರಿಗೂ ತೆರೆದಿವೆ, ಅಲ್ಲಿ ಕಾಯಿಲೆಯ ವಿಷಯ ಹೇಳಲೇಬೇಕಿಲ್ಲ. ಫಿಟ್ಸ್ ವಿಷಯ ಊರಿಗೆ ತಿಳಿಯುತ್ತದೆ ಎಂದು ಅಂಜುವ ಮನೆಯವರು ಮೊದಲು ನೋಡಬೇಕಾದ್ದು ಇವನ್ನೇ ಎಂಬುದು ನಮ್ಮ ಅಭಿಪ್ರಾಯ. ಕಾಲೇಜು ವಿದ್ಯಾರ್ಥಿಗಳಿಗಾಗಿ ಇರುವ ಕೇಂದ್ರದ ಪಿಎಂ-ಯುಎಸ್‌ಪಿ ವಿದ್ಯಾರ್ಥಿವೇತನ ಯೋಜನೆಯಲ್ಲಿ ಪದವಿಗೆ ವರ್ಷಕ್ಕೆ 12,000 ರೂ. ಇದೆ. ಪಿಯುಸಿಯಲ್ಲಿ 80ನೇ ಪರ್ಸೆಂಟೈಲ್‌ಗಿಂತ ಮೇಲಿರಬೇಕು, ಆದಾಯ 4.5 ಲಕ್ಷದೊಳಗಿರಬೇಕು. ಪರ್ಸೆಂಟೈಲ್ ಎಂದರೆ ಶೇ. 80 ಅಂಕ ಅಲ್ಲ, ಮಂಡಳಿಯ ಉಳಿದವರ ನಡುವಿನ ಸ್ಥಾನ. ಹಿಂದುಳಿದ ವರ್ಗದವರಿಗೆ ಎಸ್‌ಎಸ್‌ಪಿಯಲ್ಲಿ ಶುಲ್ಕ ಮರುಪಾವತಿ, ಊಟ-ವಸತಿಗೆ ನೆರವು ಕೊಡುವ ವಿದ್ಯಾಸಿರಿ ಇವೆ. ಜಿಲ್ಲೆಯ ಸಮುದಾಯ ಸಂಘಗಳೂ ಪ್ರತಿವರ್ಷ ಕೊಡುತ್ತವೆ.

ಅರ್ಜಿ ಕೆಡುವುದು ಸಾಮಾನ್ಯವಾಗಿ ಹಣಕಾಸಿನ ಕಾರಣಕ್ಕಲ್ಲ, ದಾಖಲೆಗಳ ಸಣ್ಣ ತಪ್ಪಿನಿಂದ. ಆಧಾರ್, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಯುಡಿಐಡಿ ಮೂರರಲ್ಲೂ ಹೆಸರಿನ ಇನಿಶಿಯಲ್ ಒಂದೇ ಇರಬೇಕು. ನಾಡಕಚೇರಿಯ ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಚಾಲ್ತಿಯಲ್ಲಿರಬೇಕು. ಕಾಲೇಜು ಪರಿಶೀಲಿಸಿ ಮುಂದೆ ಕಳುಹಿಸದಿದ್ದರೆ ನೀವು ಹಾಕಿದ ಅರ್ಜಿ ಅಲ್ಲೇ ಉಳಿಯುತ್ತದೆ. ಆದ್ದರಿಂದ ಅರ್ಜಿಯ ಸ್ಥಿತಿಯನ್ನು ಪೋರ್ಟಲಿನಲ್ಲಿ ವಾರಕ್ಕೊಮ್ಮೆ ನೋಡಿ, ಕಾಲೇಜಿನ ನೋಡಲ್ ಅಧಿಕಾರಿಯನ್ನು ಕೇಳಿ.

ಬ್ಯಾಂಕಿನಲ್ಲಿ "ಆಧಾರ್ ಲಿಂಕ್ ಆಗಿದೆ" ಎಂದಷ್ಟೇ ಹೇಳಿದರೆ ಸಾಲದು. ಸರಕಾರದ ಹಣ ಎನ್‌ಪಿಸಿಐನಲ್ಲಿ (ಬ್ಯಾಂಕುಗಳ ಪಾವತಿ ಜಾಲ ನಡೆಸುವ ಸಂಸ್ಥೆ) ಆಧಾರ್‌ಗೆ ಕೊನೆಗೆ ಮ್ಯಾಪ್ ಆದ, ಅಂದರೆ ಜೋಡಣೆಯಾದ, ಖಾತೆಗೆ ಹೋಗುತ್ತದೆ. ಅದು ಮರೆತುಹೋದ ಹಳೆಯ ಖಾತೆಯೂ ಆಗಿರಬಹುದು. ನಮ್ಮ ಕರಾವಳಿಯದೇ ಆದ ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ ಮತ್ತು ಕಾರ್ಪೊರೇಶನ್ 2020ರಲ್ಲಿ ಕ್ರಮವಾಗಿ ಕೆನರಾ ಮತ್ತು ಯೂನಿಯನ್ ಬ್ಯಾಂಕಿಗೆ ಸೇರಿದವು. ಮಗಳು ಶಾಲೆಯಲ್ಲಿದ್ದಾಗ ತೆರೆದ ಪಾಸ್‌ಬುಕ್ಕಿನಲ್ಲಿ ಹಳೆಯ ಐಎಫ್‌ಎಸ್‌ಸಿ ಇದ್ದರೆ ಸಂಘ, ಟ್ರಸ್ಟುಗಳ ಅರ್ಜಿಯಲ್ಲಿ ಅದನ್ನು ಬರೆಯಬೇಡಿ, ಹೊಸ ಪಾಸ್‌ಬುಕ್ ಮಾಡಿಸಿ.

ನವೀಕರಣಕ್ಕೆ ಪಾಸಾಗಿರಬೇಕು, ಪರೀಕ್ಷೆಗೆ ಕೂರಲು ಹಾಜರಾತಿ ಬೇಕು. ಫಿಟ್ಸ್‌ನಿಂದ ತರಗತಿ ತಪ್ಪಿದರೆ ವೈದ್ಯರ ಪ್ರಮಾಣಪತ್ರವನ್ನು ಅದೇ ವಾರ ಕಾಲೇಜಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ, ಸೆಮಿಸ್ಟರ್ ಕೊನೆಯವರೆಗೆ ಕಾಯಬೇಡಿ.